ಬೀಗ ಹಾಕಿದ ಧರ್ಮದ ನಲ್ಲಿ

ಅಕ್ಕನ ರೆಪ್ಪೆಗಳ ಮೇಲೆ ಯಾವಾಗಲೂ ಬೂದಿ ಕೂತಿರುತ್ತಿತ್ತು. ಕಣ್ಣು ಮಿಟುಕಿಸಿದರೆ ಕೆನ್ನೆಗೆ ಉದುರುತ್ತಿತ್ತು. ಎಂಬತ್ತರ ದಶಕದಲ್ಲಿ ಮಸ್ಕಿಯಿಂದ ದುಡಿಯಲು ಸಿಂಧನೂರಿಗೆ ಬಂದ ನಾವಿಬ್ಬರು ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿದ್ದೆವು. ಗಿರಣಿಯವರು ಸುಟ್ಟ ಹೊಟ್ಟಿನ ಬೂದಿ ಬಿದ್ದು ಓಣಿಯ ಬಾವಿ ಕೆಟ್ಟಿತ್ತು. ಆಮೇಲೆ ಗಿರಣಿಯ ಸಾಹುಕಾರ ಗೋಡೆಯ ಹೊರಗೊಂದು ನಲ್ಲಿ ಹಾಕಿಸಿ, ಮೇಲೆ 'ಧರ್ಮಾರ್ಥ' ಎಂದು ಬರೆಸಿದ. ನಲ್ಲಿಗೆ ಬೀಗ, ಕೀಲಿ ಅವನ ಬಳಿ. ಹಮಾಲರು ಕೂಲಿ ಹೆಚ್ಚು ಕೇಳಿದ ವಾರ ನೀರಿಲ್ಲ.

ಅಕ್ಕ ಆ ನಲ್ಲಿಗೆ ಕೊಡ ಹಿಡಿಯಲೇ ಇಲ್ಲ. ಸೆರಗನ್ನು ನಾಲ್ಕು ಮಡಿಕೆ ಮಾಡಿ ಬಾವಿ ನೀರನ್ನೇ ಸೋಸುತ್ತಿದ್ದಳು.

"ಭಾಳ ಸೊಕ್ಕು ನೋಡವ್ವ ಈಕಿಗೆ. ಪುಣ್ಯಾತ್ಮ ಪುಕ್ಕಟ ಕೊಡಾಕತ್ತಾನ," ಎಂದು ಓಣಿಯ ಹೆಂಗಸರು ಚುಚ್ಚುತ್ತಿದ್ದರು.

"ಬಾವಿ ಕೆಡಿಸ್ಯಾನ, ನೀರು ಕೊಡಬೇಕು. ಅದರಾಗ ಪುಣ್ಯ ಎಲ್ಲಿಂದ ಬಂತಬೇ?" ಎನ್ನುತ್ತಿದ್ದಳು ಅಕ್ಕ.

ಅವಳಿಗೆ ಓದು ಬಾರದು. ನಾನು ನಾಲ್ಕನೇ ಇಯತ್ತೆ ಮುಟ್ಟಿದ್ದು ಅವಳ ಕೂಲಿಯಿಂದ. ಅವಳ ಹಾಗೆ ನಾನೂ ಗಿರಣಿ ಸೇರಿ ಹಮಾಲಿ ಮಾಡುತ್ತಿದ್ದಾಗ ಒಂದು ದಿನ ಮುಂದೆ ಕಾಗದ ಇಟ್ಟಳು. "ಬರಿ. ಗಿರಣಿ ನಡಸಾವ ಓಣಿಗೆ ನೀರು ಕೊಡಾಕಬೇಕು ಅಂತ ಕಾಯ್ದೆ ಮಾಡ್ರಿ. ಅವನ ಮನಸ್ಸಿನ ಮ್ಯಾಲ ಬಿಡಬ್ಯಾಡ್ರಿ." ಬರೆದುಕೊಟ್ಟೆ. ಬಸ್ಸು ಹತ್ತಿ ಲಿಂಗಸುಗೂರಿನ ಎ.ಸಿ. ಸಾಹೇಬರ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದಳು.

ಸಾಹೇಬರು ವಿಚಾರಣೆಗೆ ಬರುವ ಹಿಂದಿನ ದಿನ ಸಾಹುಕಾರ ನನ್ನನ್ನು ಹಮಾಲರ ಮೇಸ್ತ್ರಿ ಮಾಡಿದ. ಮರುದಿನ ಬೆಳಿಗ್ಗೆ ಬೀಗ ತೆಗೆಸಿ ನಲ್ಲಿಗೆ ಹೂವಿನ ಹಾರ ಹಾಕಿಸಿದ.

"ಓಣಿ ಪರವಾಗಿ ಹೇಳಿಕೆ ಬರೆದು ಸಹಿ ಹಾಕಾಕ ಯಾರಿಗೆ ಬರ್ತದ?" ಎಂದರು ಸಾಹೇಬರು.

ನಾನು ಮುಂದೆ ಹೋದೆ. "ಕಾಯ್ದೆ ಯಾಕ್ರೀ ಸಾಹೇಬ್ರ? ನಮ್ಮ ಸಾಹುಕಾರ್ರು ತಾವಾಗೇ ಕೊಡ್ತಾರ್ರೀ," ಎಂದೆ. ಅದನ್ನೇ ಬರೆದು ಸಹಿ ಹಾಕಿದೆ.

ಅಕ್ಕ ಜನರ ನಡುವೆ ನಿಂತಿದ್ದಳು. "ಅಕ್ಷರ ಚಂದ ಬರೀತಿ ಬಿಡು ತಮ್ಮಾ," ಎಂದಳು. ಅಷ್ಟೇ.

ಬೇಸಿಗೆಗೆ ಮತ್ತೆ ಬೀಗ ಬಿತ್ತು. ದೊಡ್ಡವರು ತಾವಾಗೇ ಮಾಡುತ್ತಾರೆ, ಕಾಯ್ದೆ ಬೇಡ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಸುಳ್ಳನ್ನು ಬರೆದುಕೊಟ್ಟವನು ನಾನೇ.

ತೊಂಬತ್ತರ ದಶಕದಲ್ಲಿ ಅಕ್ಕನ ಕಣ್ಣು ಹೋದವು. ಒಂದು ಮಧ್ಯಾಹ್ನ ಅವಳೂ ಹೋದಳು. ಮೈತೊಳೆಯಲು ನೀರು ಬೇಕಿತ್ತು. ಕೀಲಿ ಕೇಳಲು ಸಾಹುಕಾರನ ಬಾಗಿಲಿಗೆ ಹೋದೆ.

"ಒಯ್ಯಿ ಲೇ. ನಾ ಏನ ಇಲ್ಲ ಅಂತೀನೇನು? ಧರ್ಮದ ನಲ್ಲಿ ಅದು," ಎಂದು ಕೀಲಿ ಎಸೆದ.

ಅದನ್ನು ಅಲ್ಲೇ ಬಿಟ್ಟು ಬಂದೆ. ಅಕ್ಕನ ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ ಬಾವಿ ನೀರು ಸೋಸಿದೆ. ಮೊದಲು ಅವಳ ರೆಪ್ಪೆ ತೊಳೆದೆ.