ಅಂದಪ್ಪ ತೊಳೆದ ಕಲ್ಲು

ಇಳಕಲ್ಲಿನಲ್ಲಿ ಅಂದಪ್ಪನಷ್ಟು ಕಲ್ಲಿನ ಜಂಬ ಇದ್ದ ಇನ್ನೊಬ್ಬನನ್ನು ನಾನು ನೋಡಿಲ್ಲ. ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಮಾಡುತ್ತಲೇ ತಲೆ ನರೆಸಿಕೊಂಡ ಮನುಷ್ಯ. ಮದುವೆಗೆ ಕರೆದರೆ ಊಟಕ್ಕಿಂತ ಮೊದಲು ಕಲ್ಯಾಣಮಂಟಪದ ನೆಲ ನೋಡುತ್ತಿದ್ದ. ನೆಲ ಸರಿಯಿಲ್ಲದಿದ್ದರೆ ಹೋಳಿಗೆಯೂ ಅವನಿಗೆ ರುಚಿಸುತ್ತಿರಲಿಲ್ಲ. ಎದುರುಮನೆಯವನಾದ ನನ್ನ ಕಟ್ಟೆಯನ್ನೂ ಅವನು ಬೈಯದೆ ಬಿಟ್ಟವನಲ್ಲ. ಈಗ ಯಾರ ನೆಲದ ಸುದ್ದಿಗೂ ಹೋಗುವುದಿಲ್ಲ. ನನಗಂತೂ ಅವನ ಆ ಬೈಗುಳವೇ ಬೇಕಾಗಿದೆ.

ಅವನ ಹೆಂಡತಿ ಸಿದ್ದವ್ವನ ತವರು ಬಾಗಲಕೋಟೆ ಕಡೆ, ಹಿನ್ನೀರಿನಲ್ಲಿ ಮುಳುಗಿದ ಒಂದು ಸಣ್ಣ ಊರು. ಊರು ಬಿಡುವಾಗ ಅಣ್ಣತಮ್ಮಂದಿರು ಬಾಗಿಲು, ತೊಲೆ ಹಂಚಿಕೊಂಡರು. ಸಿದ್ದವ್ವ ಕೇಳಿದ್ದು ಗೋಡೆಗೂಡಿನಂಥ ದೇವರ ಮಾಡದ ಹಿಂಬದಿಗಿದ್ದ ಸುಣ್ಣಕಲ್ಲಿನ ಸಣ್ಣ ಚಪ್ಪಟೆ ಬಂಡೆಯೊಂದನ್ನೇ. ಅವಳ ಅವ್ವ ದಿನಾ ದೀಪ ಹಚ್ಚುತ್ತಿದ್ದದ್ದು ಅದರ ಮುಂದೆ. ಇಳಕಲ್ಲಿನ ಮನೆಯ ಮಾಡದಲ್ಲೂ ಅದನ್ನೇ ನಿಲ್ಲಿಸಿ ದೀಪ ಇಟ್ಟಳು. ಬೂದು ಬಣ್ಣದ ಬಂಡೆಯ ಮೇಲೆ ಕೂದಲೆಳೆಯಂಥ ಕಪ್ಪು ಕವಲುಗಳಿದ್ದವು. ಅಂದಪ್ಪನಿಗೆ ಅದು ಬರೀ ತಮಾಷೆ.

“ನಿನ್ನ ತವರಮನಿ ಕಲ್ಲು ಪಾಲಿಶ್ ಹಿಡಿಯೂದಿಲ್ಲ, ಮೊಳೀಲೆ ಕೆರದ್ರ ಗೆರಿ ಬೀಳ್ತದ. ಇದನ್ಯಾಕ ಹೊತಗೊಂಡ ಬಂದಿ?” ಎಂದು ಬಂದವರೆದುರೆಲ್ಲ ಕೇಳುವನು.

“ನಿಮ್ಮ ಕಲ್ಲಿನ ಮ್ಯಾಲೆ ನೀವು ಕುಂದರ್ರಿ. ನನ್ನ ಕಲ್ಲಿನ ಗೊಡವಿ ನಿಮಗ್ಯಾಕ?” ಎನ್ನುವಳು ಅವಳು.

ಹೋದ ವರ್ಷ ಅವರ ಮಹಡಿಗೆ ಬಾಡಿಗೆಗೆ ಬಂದ ನೇತ್ರಾ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು. ಬಸವ ಜಯಂತಿಯ ದಿನ ಪ್ರಸಾದಕ್ಕೆಂದು ಕೆಳಗೆ ಬಂದವಳು ಮಾಡದ ಮುಂದೆ ನಿಂತೇಬಿಟ್ಟಳು. ಮೊಬೈಲಿನ ಬೆಳಕು ಹಿಡಿದು ಹತ್ತಿರದಿಂದ ನೋಡಿದಳು.

“ಈ ಕಪ್ಪು ಎಳಿ ಹಸರ ಹಾವಸಿರಿ, ಅಂದ್ರ ಪಾಚಿ, ಅಮ್ಮಾರ. ಇಲ್ಲೆಲ್ಲಾ ಸಮುದ್ರ ಇದ್ದಾಗ ನೀರಾಗ ಬೆಳದದ್ದು, ಸುಣ್ಣದ ಕೆಸರಾಗ ಸಿಕ್ಕು ಕಲ್ಲಿನಾಗ ಉಳಕೊಂಡದ. ಆಗ ಮೀನಸುದ್ದಾ ಹುಟ್ಟಿರಲಿಲ್ಲ.”

ದೀಪದ ಮಸಿಯಿಂದಾಗಿ ಅವಳು ತೆಗೆದ ಫೋಟೊ ಮಬ್ಬುಮಬ್ಬಾಗಿ ಬಂತು. ಮುಂದಿನ ವಾರ ತನ್ನ ಗುರುಗಳನ್ನು ಕರೆತರುತ್ತೇನೆ, ಅವರೂ ಹೌದೆಂದರೆ, ನೀವೂ ಒಪ್ಪಿದರೆ ಕಾಲೇಜಿನ ಗಾಜಿನ ಕಪಾಟಿನಲ್ಲಿ ಇಡೋಣ ಎಂದಳು.

ಸಿದ್ದವ್ವ ಕೇಳಿದ್ದು ಒಂದೇ. “ಅದರ ಕೆಳಗ ನಮ್ಮೂರ ಹೆಸರು ಬರೀತಾರೇನವ್ವಾ?”

“ಬರೀಲೇಬೇಕ್ರಿ. ಎಲ್ಲಿ ಸಿಕ್ಕದ್ದು ಅಂತ ಬರೀದಿದ್ರ ಕಲ್ಲಿಗೆ ಬೆಲಿನ ಇಲ್ಲ.”

ಬಸ್ಸಿನ ಬೋರ್ಡಿನಿಂದಲೂ ಅಳಿಸಿಹೋದ ಊರದು. ಅದರ ಹೆಸರು ಮತ್ತೊಮ್ಮೆ ಕಣ್ಣಿಗೆ ಬೀಳುತ್ತದೆಂಬ ಖುಷಿಯಲ್ಲಿ ಸಿದ್ದವ್ವ ನಮ್ಮ ಮನೆಗೂ ಬಂದು ಹೇಳಿ ಹೋದಳು. ಅವಳು ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಅಂದಪ್ಪನಿಗೆ ನಾಚಿಕೆಯಾಯಿತು. ಆಗಿದ್ದೆಲ್ಲ ಆ ನಾಚಿಕೆಯಿಂದಲೇ. ದೊಡ್ಡವರು ಬರುವಾಗ ಹೆಂಡತಿಯ ಕಲ್ಲು ಮಸಿ, ಜಿಡ್ಡು ಮೆತ್ತಿಕೊಂಡಿರಬಾರದು, ಒಂದು ಸಲವಾದರೂ ತಾನೇ ಅದರ ಸೇವೆ ಮಾಡಬೇಕು ಅನಿಸಿತು. ಅವಳು ಸಂತೆಗೆ ಹೋದಾಗ ಬಂಡೆಯನ್ನು ಹಿತ್ತಲಿಗೆ ತಂದು, ಗ್ರಾನೈಟಿನ ಕಲೆ ತೆಗೆಯುವ ಆ್ಯಸಿಡ್ ಸುರಿದ. ನಮ್ಮೂರ ಕೆಂಪು ಕಲ್ಲಿಗೆ ಅದು ಸ್ನಾನವಿದ್ದಂತೆ. ಸುಣ್ಣಕಲ್ಲಿಗೆ ಏನು ಮಾಡುತ್ತದೆಂದು ಯೋಚಿಸುವ ಪ್ರಸಂಗ ಅವನಿಗೆ ಎಂದೂ ಬಂದಿರಲಿಲ್ಲ. ಬುಸುಬುಸು ನೊರೆ ಎದ್ದಿತು. ಹೊಲಸು ಬಿಡುತ್ತಿದೆ ಎಂದುಕೊಂಡು ಇನ್ನಷ್ಟು ಸುರಿದು, ಬ್ರಶ್ ಹಿಡಿದು ತಿಕ್ಕಿದ. ನೀರು ಹೊಯ್ದಾಗ ಕಪ್ಪು ಎಳೆಗಳು ಎದ್ದು ತೇಲುತ್ತ ಗಟಾರದ ಕಡೆ ಹೋದವು. ಬಂಡೆ ಬೋಳಾಗಿ ಉಳಿಯಿತು.

ಅವನು ಕೂಗಿದ್ದು ಕೇಳಿ ನಾನು ಓಡಿದೆ. ಗಟಾರದಲ್ಲಿ ಕೈ ಹಾಕಿ ತಡಕಾಡುತ್ತಿದ್ದ. ಮಹಡಿಯಿಂದ ಇಳಿದ ನೇತ್ರಾ ಬಂಡೆ ನೋಡಿ, ಮೇಲೆ ಹೋಗಿ, ಗುರುಗಳಿಗೆ ಬರುವುದು ಬೇಡವೆಂದು ಫೋನ್ ಮಾಡಿದಳು.

ಸಿದ್ದವ್ವ ಸಂತೆಯಿಂದ ಬಂದಾಗಲೂ ಅವನು ಬಂಡೆಯ ಪಕ್ಕದಲ್ಲೇ ಕುಳಿತಿದ್ದ. “ಛಂದ ಕಾಣಲಿ ಅಂತ ತೊಳದೆ” ಎಂದ.

ಅವಳು ಚೀಲ ಕೆಳಗಿಟ್ಟು ಬಂಡೆಯ ಮೇಲೆ ಬೆರಳಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಇಷ್ಟ ವರ್ಷ ಇದನ್ನ ಆಡಕೊಂಡ ನಕ್ರಿ” ಎಂದಳು. “ಆವಾಗ ಇದಕ್ಕ ಏನೂ ಆಗಿರಲಿಲ್ಲ.”