ಅಕ್ಕನ ಮೂಗುಬೊಟ್ಟು

ನಿನ್ನೆ ಹೊನ್ನಾಳಿಯ ಶಾಲೆಯಲ್ಲಿ, ಟೀಚರಾಗಿದ್ದ ನನಗೆ ನಿವೃತ್ತಿಯ ಸನ್ಮಾನ. ಭಾಷಣಕ್ಕೆ ಎದ್ದಾಗ ಮುಂದಿನ ಸಾಲಲ್ಲಿ ಕೂತಿದ್ದ ಅಕ್ಕನ ಮೂಗುಬೊಟ್ಟು ಮಿನುಗಿತು.

ನ್ಯಾಮತಿಯ ಶಾಲೆಯಲ್ಲಿ ಅಪ್ಪನೇ ನಮ್ಮ ಮೇಷ್ಟ್ರು. ಉತ್ತರ ಹೇಳಿದವರು, ಹೇಳದವರ ಮೂಗು ಹಿಡಿದು ಕಪಾಳಕ್ಕೆ ಹೊಡೆಯಬೇಕಿತ್ತು. ಫೇಲಾಗಿ ನನ್ನ ಕ್ಲಾಸಲ್ಲೇ ಕೂತಿದ್ದ ಅಕ್ಕನಿಗೆ ಒಂದು ದಿನ ಹದಿಮೂರರ ಮಗ್ಗಿ ಬರಲಿಲ್ಲ; ನನಗೆ ಬಂತು.

"ಅಕ್ಕ ಅಂತ ನೋಡಬ್ಯಾಡ, ಹೊಡಿಯೇ," ಅಂದರು ಅಪ್ಪ.

ಮೂಗುಬೊಟ್ಟು ನನ್ನ ಬೆರಳಿಗೆ ಚುಚ್ಚಿತು. ಮೆಲ್ಲಗೆ ಹೊಡೆಯಬಹುದಿತ್ತು. ಸುಳ್ಳು ಯಾಕೆ ಹೇಳಲಿ, ಅಪ್ಪನಿಂದ ಶಹಬ್ಬಾಸ್ ಅನ್ನಿಸಿಕೊಳ್ಳೋ ಆಸೆಗೆ ಕೈ ಬೀಸಿ ಹೊಡೆದೆ.

ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ನನಗೆ ಜಡೆ ಹಾಕಿದಳು. "ನೀನು ಹೋಗು, ನಾನಿನ್ನು ಸಾಲಿಗೆ ಬರಲ್ಲ," ಅಂದಳು. ಬರಲೇ ಇಲ್ಲ.

ನಿನ್ನೆ ಮೈಕಿನಲ್ಲಿ, "ಯಾವ ಮಗುವಿನ ಮೇಲೂ ಕೈ ಎತ್ತಿದವಳಲ್ಲ ನಾನು," ಅಂದುಬಿಟ್ಟೆ.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ಅಕ್ಕ.