‘ಭಕ್ತಿ ಬಿರುಗಾಳಿ’ಯ ಬೆನ್ನು ಹತ್ತಿ ಅಜ್ಜಂಪುರಕ್ಕೆ

ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ಇದ್ದದ್ದು ಒಂದು ಪಂಚೆ, ಟವೆಲ್ಲು, ಪೇಪರಿನಲ್ಲಿ ಸುತ್ತಿದ ಚಪಾತಿ ಮತ್ತು ‘ಭಕ್ತಿ ಬಿರುಗಾಳಿ’. ಉಳಿದವು ಕಳೆದುಹೋದರೂ ಚಿಂತೆಯಿರಲಿಲ್ಲ. ‘ಭಕ್ತಿ ಬಿರುಗಾಳಿ’ಯನ್ನು ಮಾತ್ರ ಅಂಗಿಯ ಜೇಬಿಗೆ ಹಾಕಿಕೊಂಡು ಅದರ ಮೇಲೆ ಕೈಯಿಟ್ಟು ಕೂತೆ. ಪಕ್ಕದ ಹಿರಿಯರು ಎರಡು ಸಲ ನೋಡಿ, “ಎದೆ ನೋವೇನಪ್ಪಾ?” ಎಂದು ವಿಚಾರಿಸಿದರು.

ಅದೊಂದು ಕ್ಯಾಸೆಟ್ಟು. ಅಜ್ಜಂಪುರದ ಗಗನಕುಸುಮ ಬ್ಯಾಂಡಿನವರು ಹೊರತಂದದ್ದು. ತತ್ವಪದದ ಧಾಟಿ, ವೀರಗಾಸೆಯ ಗತ್ತು, ಮದುವೆ ಮೆರವಣಿಗೆಯ ಕ್ಲಾರಿಯೊನೆಟ್ಟು, ಇವೆಲ್ಲದರ ನಡುವೆ ಕರೆಂಟಿನ ಗಿಟಾರು. ಕಡೂರಿನ ಅಂಗಡಿಯವನು ಅದನ್ನು ಮೊದಲು ದೇವರ ಹಾಡುಗಳ ಸಾಲಿನಲ್ಲಿಟ್ಟ. ಭಕ್ತರು ಗಿಟಾರು ಕೇಳಿ ವಾಪಸು ತಂದು ಬೈದರು. ಸಿನಿಮಾ ಸಾಲಿಗೆ ಸರಿಸಿದ. ಹುಡುಗರು ಹೆಸರು ಓದಿಯೇ ಕೈಬಿಟ್ಟರು. ಕೊನೆಗೆ ಟಾರ್ಚಿನ ಸೆಲ್ಲುಗಳ ಪಕ್ಕಕ್ಕೆ ತಳ್ಳಿದ್ದ. ನಾನು ಸೆಲ್ಲು ಕೊಳ್ಳಲು ಹೋದವನು ಅದನ್ನು ಕೊಂಡು ತಂದೆ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಅದರಲ್ಲೂ ಎರಡನೇ ಮಗ್ಗುಲಿನ ಮೊದಲ ಹಾಡು. ಓಡುತ್ತಿರುವ ಹಾಡು ಅರ್ಧದಲ್ಲಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಕ್ಲಾರಿಯೊನೆಟ್ಟು ನರಳುತ್ತದೆ, ಹಾಡುವವರ ದನಿ ಎಮ್ಮೆಯ ದನಿಯಷ್ಟು ದಪ್ಪಗಾಗಿ ಪಾತಾಳಕ್ಕಿಳಿಯುತ್ತದೆ. ಇನ್ನು ಮುಗಿಯಿತು ಎನ್ನುವಾಗ ಎಲ್ಲವೂ ಮೆಲ್ಲನೆ ಎದ್ದು, ಕುಂಟಿ, ಮತ್ತೆ ಓಡತೊಡಗುತ್ತದೆ. ಮನುಷ್ಯ ಸೋತು ಏಳುವುದನ್ನು ಹಾಡಿನಲ್ಲಿ ಹೀಗೆ ತೋರಿಸಿದವರು ಇನ್ನೊಬ್ಬರಿಲ್ಲ ಎಂದು ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ಉಪನ್ಯಾಸ ಕೊಟ್ಟೆ. ಯಾರೂ ಒಪ್ಪಲಿಲ್ಲ. ಒಪ್ಪಿದವಳು ಒಬ್ಬಳೇ, ಗಿರಿಜೆ.

ಗಿರಿಜೆ ದೇವನೂರಿನ ಹುಡುಗಿ. ನಮ್ಮ ಮದುವೆ ಗೊತ್ತಾದ ಮೇಲೆ ಕ್ಯಾಸೆಟ್ಟನ್ನು ಅವರ ಮನೆಗೆ ಕೊಟ್ಟು ಬಂದಿದ್ದೆ. ವಾಪಸು ಕೊಡುವಾಗ ಆಕೆ, “ಆ ಮುಳುಗೋ ಜಾಗ ಇದ್ಯಲ್ಲ, ಮೆರವಣಿಗೇಲಿ ಅದು ಬೇಕು” ಎಂದಳು. ನಾನು ಅಲ್ಲೇ ಕರಗಿ ನೀರಾದೆ. ಆದರೆ ಮಾವನವರಾಗುವ ಬಸಪ್ಪನವರು ಕರಗುವ ಆಸಾಮಿಯಲ್ಲ. “ಸೋಮವಾರದ ತನಕ ಟೈಮು. ಅಷ್ಟರೊಳಗೆ ಆ ಬ್ಯಾಂಡಿನೋರ್ನ ಒಪ್ಪಿಸ್ಕೊಂಡ್ ಬನ್ನಿ. ಇಲ್ದಿದ್ರೆ ನಮ್ಮೂರ ಓಲಗದೋರಿಗೆ ಎಲೆ ಅಡಿಕೆ ಕೊಟ್ಬಿಡ್ತೀನಿ” ಎಂದಿದ್ದರು. ಆ ಭಾನುವಾರದ ಪ್ರಯಾಣದ ಹಿನ್ನೆಲೆ ಇಷ್ಟು.

ಬಸ್ಸು ಬೀರೂರಿನಲ್ಲಿ ಟೀ ಕುಡಿದು, ಅಂದರೆ ಡ್ರೈವರು ಕುಡಿದು, ಬಿಸಿಲೇರುವ ಹೊತ್ತಿಗೆ ತರೀಕೆರೆ ಮುಟ್ಟಿತು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ‘ಕ್ಲಾರಿಯೊನೆಟ್: ನರಸಿಂಹಣ್ಣ, ತರೀಕೆರೆ’ ಎಂದಷ್ಟೇ ಇತ್ತು, ಬ್ಯಾಂಡಿನ ಊರಿರಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿಂದು ವಿಚಾರಿಸಿದೆ. ಗಲ್ಲಾದಲ್ಲಿದ್ದವರು, “ಊದೋ ನರಸಿಂಹಣ್ಣ ಗೊತ್ತಿಲ್ಲ. ಚಡ್ಡಿ ಹೊಲಿಯೋ ನರಸಿಂಹಣ್ಣ ಅವ್ರೆ” ಎಂದು ಎದುರಿನ ಅಂಗಡಿ ತೋರಿಸಿದರು. ಇಬ್ಬರೂ ಒಬ್ಬರೇ ಆಗಿದ್ದರು.

ನರಸಿಂಹಣ್ಣ ಐವತ್ತರ ಆಸುಪಾಸಿನವರು, ಬಾಯಲ್ಲಿ ದಾರ ಕಚ್ಚಿಕೊಂಡಿದ್ದರು. ನಾನು ಅಭಿಮಾನಿ ಎಂದು ಹೇಳಿಕೊಂಡಾಗ ದಾರ ಬಿದ್ದುಹೋಯಿತು.

“ಬ್ಯಾಂಡ್ ನಿಂತು ವರ್ಷ ಆಯ್ತು ಕಣ್ರೀ. ಓಲಗದೋರು ನಮ್ಮನ್ನ ಆರ್ಕೆಸ್ಟ್ರಾ ಅಂದ್ರು, ಆರ್ಕೆಸ್ಟ್ರಾದೋರು ಓಲಗ ಅಂದ್ರು. ನಮ್ಮ ಅಜ್ಜಂಪುರದ ಓಂಕಾರಪ್ಪ ಬೇಜಾರಾಗಿ ಗಿಟಾರನ್ನ ಅಟ್ಟಕ್ಕೆ ಹಾಕ್ಬಿಟ್ಟ.”

ಸೋಮವಾರವನ್ನು, ಬಸಪ್ಪನವರನ್ನು, ಗಿರಿಜೆಯನ್ನು ಒಂದೇ ಉಸಿರಿನಲ್ಲಿ ವಿವರಿಸಿದೆ. ನರಸಿಂಹಣ್ಣ ಎದ್ದು ಅಂಗಡಿಯ ಬಾಗಿಲು ಎಳೆದುಕೊಂಡರು. “ನಡೀರಿ ಅಜ್ಜಂಪುರಕ್ಕೆ. ಹಿಂಗೆ ಹುಡ್ಕೊಂಡ್ ಬಂದಿರೋ ಪ್ರಾಣೀನ ಅವನೂ ಒಂದ್ಸಲ ನೋಡ್ಲಿ” ಎಂದರು. ಗೋಣಿಚೀಲದಲ್ಲಿ ಕ್ಲಾರಿಯೊನೆಟ್ಟನ್ನೂ ಹಾಕಿಕೊಂಡರು.

ತರೀಕೆರೆಯಿಂದ ಅಜ್ಜಂಪುರದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಗಲಿಲ್ಲ. ಅಡಿಕೆ ತೋಟಗಳು ಕಳೆದು ಈರುಳ್ಳಿ ಹೊಲಗಳು ಶುರುವಾದವು, ಧೂಳೂ ಶುರುವಾಯಿತು. ಇಳಿಯುವ ಹೊತ್ತಿಗೆ ನನ್ನ ಬಿಳಿ ಅಂಗಿ ಬೇರೆ ಯಾರದೋ ಅಂಗಿಯಾಗಿತ್ತು.

ಓಂಕಾರಪ್ಪನವರದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಬ್ಯಾಂಡು ಕಟ್ಟಿದವರು, ಹಾಡಿದವರು ಅವರೇ. ಬನಿಯನ್ನು ಹಾಕಿಕೊಂಡು ಧ್ವನಿವರ್ಧಕದ ಕೊಳವೆಯೊಳಗೆ ಕೈ ತೂರಿಸಿ ಏನೋ ಒರೆಸುತ್ತಿದ್ದರು. ಮದುವೆಯ ಸಂಗತಿ ಕೇಳಿದ್ದೇ, “ಆಗಲ್ಲ” ಎಂದರು. ನಾನು ಮುಳುಗುವ ಜಾಗವನ್ನು ಹೊಗಳತೊಡಗಿದೆ. ಅವರು ಕೈ ಹೊರಗೆ ತೆಗೆದರು.

“ಯಾವ್ದ್ರೀ ಅದು ಮುಳುಗೋ ಜಾಗ? ನನ್ ಹಾಡು ಎಲ್ಲೂ ಮುಳುಗಲ್ಲ.”

ಕ್ಯಾಸೆಟ್ಟನ್ನು ಅವರ ಟೇಪ್ ರೆಕಾರ್ಡರಿಗೆ ಹಾಕಿದೆ. ಹಾಡು ಓಡಿತು, ಕುಸಿಯಿತು, ಎಮ್ಮೆಯಾಯಿತು. ನಾನು ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟಾಗ ನರಸಿಂಹಣ್ಣ ಗೋಡೆಯ ಕಡೆ ತಿರುಗಿ ಭುಜ ಕುಣಿಸಿ ನಗುತ್ತಿದ್ದರು. ಓಂಕಾರಪ್ಪನವರ ಮುಖ ಮಾತ್ರ ಬಿಳಿಚಿಕೊಂಡಿತ್ತು.

“ಅಯ್ಯೋ ಶಿವನೇ! ಪಂಪ್‌ಸೆಟ್ ಹೊತ್ತು!”

ಸಂಗತಿ ಹೀಗಿತ್ತು. ಕ್ಯಾಸೆಟ್ಟುಗಳನ್ನೆಲ್ಲ ಅವರೇ ಈ ಅಂಗಡಿಯಲ್ಲಿ ಮೂಲ ಕ್ಯಾಸೆಟ್ಟಿನಿಂದ ಒಂದೊಂದಾಗಿ ತುಂಬಿದ್ದರು. ಹಾಡುವ ಟೇಪು ಕರೆಂಟಿನಲ್ಲಿ, ತುಂಬಿಕೊಳ್ಳುವ ಟೇಪು ಸೆಲ್ಲಿನಲ್ಲಿ. ಹಾಕಿಟ್ಟು ಊಟಕ್ಕೆ ಹೋಗುವುದು ರೂಢಿ. ನನ್ನ ಪಾಲಿನ ಕ್ಯಾಸೆಟ್ಟು ತುಂಬುವಾಗ ಹೊಲಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಿವೆ, ಊರಿನ ದೀಪಗಳು ಮಂಕಾಗಿವೆ, ಹಾಡುವ ಟೇಪು ಉಸಿರು ಕಟ್ಟಿ ನಿಧಾನವಾಗಿದೆ, ಸೆಲ್ಲಿನ ಟೇಪು ಅದನ್ನು ಹಾಗೇ ತುಂಬಿಕೊಂಡಿದೆ. ಓಂಕಾರಪ್ಪನವರು ಅನ್ನಸಾರು ಉಣ್ಣುತ್ತಿದ್ದಾಗ ನನ್ನ ಮಹಾಕಲೆ ಹುಟ್ಟಿತ್ತು.

ಅವರು ಮೂಲ ಕ್ಯಾಸೆಟ್ಟನ್ನು ಹಾಕಿದರು. ಅದೇ ಹಾಡು. ಆ ಜಾಗ ಬಂತು. ಕ್ಲಾರಿಯೊನೆಟ್ಟು ಹಾಯಾಗಿ ಮೇಲೇರಿತು, ಗಿಟಾರು ಬೆನ್ನಟ್ಟಿತು, ಎಲ್ಲೂ ಎಡವಲಿಲ್ಲ.

“ಎಲ್ಲೆಲ್ಲಿಗೋ ಕೊಟ್ಟೆ ಕ್ಯಾಸೆಟ್ನ. ಒಬ್ರೂ ಚೆನ್ನಾಗೈತೆ ಅನ್ಲಿಲ್ಲ” ಎಂದರು ಓಂಕಾರಪ್ಪ. “ನೀವೊಬ್ರು ಹುಡ್ಕೊಂಡ್ ಬಂದ್ರಿ. ಅದೂ ನಾನು ಮಾಡ್ದೇ ಇರೋ ಜಾಗಕ್ಕೆ.”

ನರಸಿಂಹಣ್ಣನ ನಗು ನಿಂತಿತು. “ಹೇಳಿ, ಯಾವ್ದು ಚೆನ್ನಾಗೈತೆ? ನಂದಾ, ಪಂಪ್‌ಸೆಟ್‌ದಾ?” ಎಂದು ಓಂಕಾರಪ್ಪ ನೇರವಾಗಿ ಕೇಳಿದರು. ನಿಮ್ಮದೇ ಎಂದರೆ ಕೆಲಸವಾಗುತ್ತದೆ ಎಂದು ಗೊತ್ತಿತ್ತು. ಆದರೆ ಆ ಮುಖಕ್ಕೆ ಬೆಣ್ಣೆ ಹಚ್ಚಲು ಬಾಯಿ ಬರಲಿಲ್ಲ.

“ಹಾಡೆಲ್ಲ ನಿಮ್ಮದೇ ಚೆನ್ನಾಗಿದೆ, ಓಂಕಾರಪ್ಪನೋರೇ. ಗಿಟಾರು, ವೀರಗಾಸೆ, ಪ್ರತಿಯೊಂದೂ. ಆದರೆ ಆ ಒಂದು ಜಾಗದಲ್ಲಿ ಬಿದ್ದು ಎದ್ದರೆ ಇನ್ನೂ ಚೆನ್ನ. ಅದನ್ನ ಮೆಚ್ಚಿದವರು ಲೋಕದಲ್ಲೇ ಇಬ್ಬರು. ನಾವಿಬ್ಬರೂ ಮದುವೆಯಾಗ್ತಿದೀವಿ.”

ಬಹಳ ಹೊತ್ತು ಅವರು ಕೊಳವೆಯನ್ನೇ ಒರೆಸಿದರು. ಆಮೇಲೆ, “ಹೆಂಗ್ ಬೀಳುತ್ತೆ, ನೀವೇ ಹಾಡಿ ತೋರ್ಸಿ” ಎಂದರು. ಶಾಲೆಯ ಪ್ರಾರ್ಥನೆಯಲ್ಲೂ ಬಾಯಿ ಮಾತ್ರ ಆಡಿಸುತ್ತಿದ್ದ ನಾನು ಆ ಅಂಗಡಿಯಲ್ಲಿ ನಿಂತು ಕರೆಂಟು ಮಂಕಾಗುವುದನ್ನು ಹಾಡಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನರಸಿಂಹಣ್ಣ ಕ್ಲಾರಿಯೊನೆಟ್ಟಿನಲ್ಲಿ ನರಳಲು ನೋಡಿದರು; ಕೆಳಗೆ ಜಾರಿತು, ಮೇಲೆ ಬರಲೇ ಇಲ್ಲ. “ಲೇ ನರಸಿಂಹ, ಇಳಿಯೋದಲ್ಲ ಕಣೋ, ಏಳೋದು ಕಷ್ಟ” ಎಂದು ಓಂಕಾರಪ್ಪ ತಾವೇ ದನಿಗೂಡಿಸಿದರು. ಹತ್ತಾರು ಸಲ ಬಿದ್ದ ಮೇಲೆ ಒಮ್ಮೆ ಎಲ್ಲರೂ ಒಟ್ಟಿಗೆ ಎದ್ದೆವು. ಓಂಕಾರಪ್ಪ ಒಳಗೆ ಹೋಗಿ ಅಟ್ಟಕ್ಕೆ ಏಣಿ ಹಾಕಿದರು.

ಸಂಜೆಯ ಪ್ಯಾಸೆಂಜರಿಗೆ ಹತ್ತಿಸಲು ಅವರೇ ಸ್ಟೇಷನ್ನಿಗೆ ಬಂದರು. ದಾರಿಯಲ್ಲಿ ಆ ಜಾಗದ ಅಭ್ಯಾಸ ಬಿಟ್ಟು ಬೇರೆ ಮಾತಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬಸಪ್ಪನವರ ಮುಖ ನೆನೆದು ನಾನು ಕಿಟಕಿಯ ಕಂಬಿ ಹಿಡಿದು ಕೂತೆ. ಗಾಡಿ ಕದಲಿತು. ಓಂಕಾರಪ್ಪ ಕಿಟಕಿಯ ಜೊತೆಗೇ ನಡೆಯುತ್ತ, ಒಂದು ಕೈ ಕಿವಿಗಿಟ್ಟು, ಮುಳುಗುವ ಜಾಗವನ್ನು ದೊಡ್ಡ ದನಿಯಲ್ಲಿ ಎತ್ತಿಕೊಂಡರು. ಗಾಡಿಯ ವೇಗ ಏರಿತು, ಅವರು ಓಡಿದರು, ಪ್ಲಾಟ್‌ಫಾರ್ಮ್ ಮುಗಿಯುವ ಕಡೆ ನಿಂತುಬಿಟ್ಟರು. ಎಮ್ಮೆಯ ದನಿ ಇನ್ನೂ ಕೇಳುತ್ತಿತ್ತು.

ಎದುರು ಸೀಟಿನ ಅಜ್ಜಿ ತಲೆ ಹೊರಹಾಕಿ ನೋಡಿ, “ಪಾಪ, ಆವಯ್ಯ ಯಾಕಪ್ಪ ಹಂಗೆ ಅಳ್ತಾವ್ನೆ?” ಎಂದರು.

“ಅಳ್ತಿಲ್ಲ ಕಣಜ್ಜಿ,” ಎಂದೆ, “ನನ್ನ ಮದುವೆಗೆ ಬತ್ತೀನಿ ಅಂತಾವ್ರೆ.”